ಹದ ಮಾಡಿದ ಜೀವಕೋಶ



ಈ ದತ್ತಿ ಉಪನ್ಯಾಸ ಒಬ್ಬ ಹೈಸ್ಕೂಲು ವಿಜ್ಞಾನ ಮೇಷ್ಟರ ನೆನಪಿನದು. ಈರುಳ್ಳಿಯ ಪೊರೆ ಸುಲಿದು ಗಾಜಿನ ಮೇಲಿಟ್ಟು, ಒಂದು ಹನಿ ಅಯೋಡಿನ್ ಬಿಟ್ಟು, ಶಾಲೆಗಿದ್ದ ಒಂದೇ ಸೂಕ್ಷ್ಮದರ್ಶಕದ ಮುಂದೆ ಇಡೀ ಕ್ಲಾಸನ್ನು ಸಾಲು ನಿಲ್ಲಿಸುತ್ತಿದ್ದರು ಎಂದು ಅವರ ಮಕ್ಕಳು ಹೇಳಿದರು. ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆ ಹುಡುಗರು ನೋಡಿದ್ದು ಅಯೋಡಿನ್ ಬೀಳುವ ಗಳಿಗೆಯವರೆಗೂ ಬದುಕಿದ್ದ ಕೋಶವನ್ನು. ನಾನು ಪೆಥಾಲಜಿಸ್ಟ್. ನಲವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವನು. ರಿಪೋರ್ಟ್ ಬರೆದ ಅಷ್ಟೂ ಬಯಾಪ್ಸಿಗಳಲ್ಲಿ ಒಂದೇ ಒಂದು ಜೀವಂತ ಕೋಶವನ್ನು ಕಂಡವನಲ್ಲ. ಕಂಡದ್ದೆಲ್ಲ ಫಾರ್ಮಲಿನ್‌ನಲ್ಲಿ ಒಂದು ದಿನ ನೆನೆದು, ಆಲ್ಕೊಹಾಲ್‌ನಲ್ಲಿ ನೀರು ಕಳೆದುಕೊಂಡು, ಮೇಣದಲ್ಲಿ ಹುದುಗಿ, ಮೂರು ನಾಲ್ಕು ಮೈಕ್ರಾನ್ ತೆಳ್ಳಗೆ ಸೀಳಿಸಿಕೊಂಡು, ನೀಲಿ ಗುಲಾಬಿ ಬಣ್ಣ ಬಳಿಸಿಕೊಂಡು ಬಂದ ಕೋಶಗಳು. ಅವನ್ನು ನೋಡಿ ‘ಇದು ಕ್ಯಾನ್ಸರ್’, ‘ಇದಲ್ಲ’ ಎಂದು ಬರೆದೆ. ಆ ಒಂದು ಸಾಲಿನ ಮೇಲೆ ಯಾರದೋ ಸ್ತನ ತೆಗೆದರು, ಯಾರದೋ ಕಾಲು ತೆಗೆದರು, ಇನ್ಯಾರನ್ನೋ ಮನೆಗೆ ಕಳಿಸಿದರು.

ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ಉಳಿದದ್ದನ್ನು ನಂಬುವುದು ಹೇಗೆ? ಇವತ್ತಿನ ನನ್ನ ಮಾತು ಅದರ ಬಗ್ಗೆ.

ಪಾರಿಭಾಷಿಕ ಪದಕೋಶಗಳಲ್ಲಿ ಈ ಕೆಲಸಕ್ಕೆ ‘ಸ್ಥಿರೀಕರಣ’ ಎಂಬ ಹೆಸರಿದೆ. ತಪ್ಪು ಪದವೇನಲ್ಲ. ಆದರೆ ಅದನ್ನು ಕೇಳಿದವರಿಗೆ ಓಡುತ್ತಿದ್ದದ್ದನ್ನು ಇದ್ದಲ್ಲೇ ನಿಲ್ಲಿಸಿದಂತೆ, ಫೋಟೊ ತೆಗೆದಂತೆ ಅನಿಸುತ್ತದೆ. ನನ್ನನ್ನು ಕೇಳಿದರೆ ಇದಕ್ಕೆ ಹೊಂದುವ ಪದ ನಮ್ಮಲ್ಲಿ ಮೊದಲಿಂದ ಇದೆ: ಹದ. ತೊಗಲನ್ನು ಹದ ಮಾಡುತ್ತಾರೆ. ಹದ ಮಾಡಿದ ತೊಗಲು ಕೊಳೆಯುವುದಿಲ್ಲ, ನೀರಿಗೆ ಬಿದ್ದರೂ ಕರಗುವುದಿಲ್ಲ. ಹಾಗೆಂದು ಅದು ದನದ ಮೈಮೇಲಿದ್ದಾಗಿನ ಚರ್ಮವಾಗಿಯೂ ಉಳಿದಿಲ್ಲ. ತಂಗಡಿ ತೊಗಟೆಯ ಒಗರು ಅದರ ಎಳೆಎಳೆಯನ್ನೂ ಹಿಡಿದು ಬಿಗಿದಿರುತ್ತದೆ. ಅಂಗಾಂಶದ ಕಥೆಯೂ ಇದೇ. ಇದನ್ನು ಹೋಲಿಕೆಗಾಗಿ ಹೇಳುತ್ತಿಲ್ಲ, ರಸಾಯನಶಾಸ್ತ್ರವೇ ಹಾಗಿದೆ. ಹತ್ತೊಂಬತ್ತನೆಯ ಶತಮಾನದ ಪ್ರಯೋಗಾಲಯಗಳಲ್ಲಿ ಕಣ್ಣು, ಮೆದುಳುಗಳನ್ನು ಗಟ್ಟಿ ಮಾಡಲು ಬಳಸಿದ್ದು ಕ್ರೋಮಿಯಂ ಸಂಯುಕ್ತಗಳನ್ನು. ಇವತ್ತು ತೊಗಲಿನ ಕಾರ್ಖಾನೆಗಳು ಬಳಸುವುದೂ ಕ್ರೋಮಿಯಂ ಲವಣಗಳನ್ನೇ.

ಹದ ಯಾಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ದೇಹದಿಂದ ಕತ್ತರಿಸಿ ತೆಗೆದ ತುಣುಕು ತಕ್ಷಣ ಸಾಯುವುದಿಲ್ಲ. ರಕ್ತ ನಿಂತಿದೆ, ಆಮ್ಲಜನಕ ಇಲ್ಲ, ಆದರೂ ಕೋಶದೊಳಗಿನ ಕಿಣ್ವಗಳು ಕೆಲಸ ನಿಲ್ಲಿಸಿರುವುದಿಲ್ಲ. ಲೈಸೊಸೋಮ್ ಎಂಬ ಚೀಲಗಳು ಸೋರಿ, ಒಳಗಿದ್ದ ಕಿಣ್ವಗಳು ಹೊರಬಂದು ತಾವಿದ್ದ ಮನೆಯನ್ನೇ ತಿನ್ನತೊಡಗುತ್ತವೆ. ಬ್ಯಾಕ್ಟೀರಿಯಾದ ಸರದಿ ಆಮೇಲಿನದು. ಊಟ ಅರಗಿಸುವ ರಸ ತಯಾರಿಸುವ ಮೇದೋಜೀರಕ ಗ್ರಂಥಿ ತನ್ನನ್ನು ತಾನೇ ಎಲ್ಲರಿಗಿಂತ ಮೊದಲು ಅರಗಿಸಿಕೊಳ್ಳುತ್ತದೆ. ಕರುಳಿನ ಒಳಪದರವೂ ಬೇಗ ಕಳಚುತ್ತದೆ. ಚರ್ಮ ಸ್ವಲ್ಪ ತಾಳಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಈ ಕೆಲಸ ನಿಧಾನವಾಗುತ್ತದೆ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಇಟ್ಟರೆ ಜೋರಾಗುತ್ತದೆ, ನಿಲ್ಲುವುದಂತೂ ಇಲ್ಲ.

ನಿಲ್ಲಿಸುವ ಹಳೆಯ ದಾರಿ ಮದ್ಯಸಾರ. 1666ರಲ್ಲಿ ರಾಬರ್ಟ್ ಬಾಯ್ಲ್ ಮೊಟ್ಟೆಯೊಳಗಿನ ಎಳೆ ಮರಿಗಳನ್ನು ಮದ್ಯಸಾರದಲ್ಲಿ ಕಾಪಿಡುವ ಬಗೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿದರೆ ಉಪ್ಪು ಮಿಡಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಮಿಡಿ ಸುಕ್ಕಾಗಿ ಜಾಡಿಯ ತಳ ಸೇರುತ್ತದೆ, ವರ್ಷ ಕಳೆದರೂ ಕೆಡುವುದಿಲ್ಲ. ಆಲ್ಕೊಹಾಲ್ ಕೂಡ ನೀರನ್ನು ಎಳೆಯುತ್ತದೆ. ಜೊತೆಗೆ ಪ್ರೋಟೀನನ್ನು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿಸುತ್ತದೆ. ಗರ್ಭಕಂಠದಿಂದ ತೆಗೆದು ಗಾಜಿನ ಮೇಲೆ ಸವರಿದ ಒಂದು ಪದರ ಕೋಶಗಳಿಗೆ ಇವತ್ತಿಗೂ ನಾವು ಬಳಸುವುದು 95% ಆಲ್ಕೊಹಾಲನ್ನೇ. ತುಣುಕು ದಪ್ಪವಾದರೆ ಮಾತ್ರ ಅದು ಮಿಡಿಯ ಹಾಗೆಯೇ ಮುದುಡಿಕೊಳ್ಳುತ್ತದೆ.

ಆಮೇಲಿನ ಇನ್ನೂರು ವರ್ಷದಲ್ಲಿ ಜನ ಪ್ರಯತ್ನಿಸದೆ ಬಿಟ್ಟ ವಿಷ ಇಲ್ಲ. ಕ್ರೋಮಿಕ್ ಆಮ್ಲ, ಪಾದರಸದ ಕ್ಲೋರೈಡು, ಒಣಗಿದರೆ ಸಿಡಿಯುವ ಪಿಕ್ರಿಕ್ ಆಮ್ಲ, ಆವಿ ತಗುಲಿದರೆ ಕಣ್ಣನ್ನೇ ಕೆಡಿಸುವ ಆಸ್ಮಿಯಂ ಟೆಟ್ರಾಕ್ಸೈಡು. ಮ್ಯುಲರ್, ಫ್ಲೆಮಿಂಗ್, ಝೆಂಕರ್, ಬೂಯಾಂ ಎಂದು ಒಂದೊಂದು ದ್ರಾವಣಕ್ಕೂ ಒಬ್ಬೊಬ್ಬ ಪ್ರೊಫೆಸರರ ಹೆಸರು. ಅಡುಗೆ ಭಟ್ಟರ ಮನೆಗಳಲ್ಲಿ ಸಾರಿನ ಪುಡಿಗೆ ಒಂದೊಂದು ಕೈಗುಣ ಇರುತ್ತದಲ್ಲ, ಹಾಗೆ ಪ್ರತಿ ಪ್ರಯೋಗಾಲಯಕ್ಕೂ ತನ್ನದೇ ಅಳತೆ, ತನ್ನದೇ ಗುಟ್ಟು.

ಇವರೆಲ್ಲರನ್ನೂ ಪಕ್ಕಕ್ಕೆ ಸರಿಸಿದ ಫಾರ್ಮಲಿನ್ ನಿಮಗೆಲ್ಲ ಗೊತ್ತು. 2018ರಲ್ಲಿ ಕೇರಳ, ಗೋವಾಗಳಲ್ಲಿ ಮೀನಿಗೆ ಫಾರ್ಮಲಿನ್ ಹಾಕುತ್ತಾರೆ ಎಂದು ದೊಡ್ಡ ಗಲಾಟೆಯಾದಾಗ ನಮ್ಮ ಕರಾವಳಿಯ ಮನೆಗಳಲ್ಲೂ ಆ ಹೆಸರು ಅಡುಗೆಮನೆಯವರೆಗೆ ಬಂದಿತ್ತು. ಹೆಸರಿನ ಮೂಲದಲ್ಲಿ ಇರುವುದು ಇರುವೆ. ಲ್ಯಾಟಿನ್‌ನಲ್ಲಿ ಇರುವೆಗೆ ಫಾರ್ಮಿಕಾ ಎನ್ನುತ್ತಾರೆ. ಇರುವೆಗಳನ್ನು ಬಟ್ಟಿ ಇಳಿಸಿ ಪಡೆದ ಹುಳಿಯೇ ಫಾರ್ಮಿಕ್ ಆಮ್ಲ. ಚಗಳಿ ಚಟ್ನಿ ತಿಂದವರ ನಾಲಗೆಗೆ ಅದರ ಪರಿಚಯವಿದೆ. ಆ ಆಮ್ಲದ ಹತ್ತಿರದ ನೆಂಟ ಫಾರ್ಮಾಲ್ಡಿಹೈಡ್ ಎಂಬ ಅನಿಲ. ಅದನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಲಿನ್.

ಫ್ರಾಂಕ್‌ಫರ್ಟಿನ ಯುವ ವೈದ್ಯ ಫರ್ಡಿನಾಂಡ್ ಬ್ಲೂಮ್‌ಗೆ ಈ ದ್ರವ ಸಿಕ್ಕಿದ್ದು ಬೇರೆಯೇ ಕೆಲಸಕ್ಕೆ. ಪಕ್ಕದ ಹೋಖ್ಸ್ಟ್ ಊರಿನ ರಾಸಾಯನಿಕ ಕಂಪನಿಯವರು ಇದು ಕ್ರಿಮಿನಾಶಕವಾದೀತೇ ನೋಡಿ ಎಂದು ಕೊಟ್ಟಿದ್ದರು. ಬ್ಲೂಮ್ ಅಂಥ್ರಾಕ್ಸಿನಂಥ ರೋಗಾಣುಗಳ ಮೇಲೆ ಪ್ರಯೋಗ ಮಾಡುತ್ತ ಕೂತ. ದಿನವಿಡೀ ಅದರಲ್ಲಿ ಕೈಯಾಡಿಸುತ್ತಿದ್ದವನ ಬೆರಳ ತುದಿಯ ಚರ್ಮ ಗಟ್ಟಿಯಾಯಿತು, ಆಲ್ಕೊಹಾಲ್‌ನಲ್ಲಿಟ್ಟ ಅಂಗಾಂಶ ಗಟ್ಟಿಯಾಗುವಂತೆಯೇ. ಇನ್ನೊಬ್ಬನಾಗಿದ್ದರೆ ಎಣ್ಣೆ ಸವರಿಕೊಂಡು ಸುಮ್ಮನಾಗುತ್ತಿದ್ದ. ಬ್ಲೂಮ್ ಇಲಿಯ ಅಂಗಗಳನ್ನು ಅದರಲ್ಲಿ ಹಾಕಿ ನೋಡಿದ. ಕೋಶಗಳು ಅಷ್ಟಾಗಿ ಮುದುಡಿರಲಿಲ್ಲ, ಬಣ್ಣವೂ ಚೆನ್ನಾಗಿ ಹಿಡಿಯಿತು. 1893ರಲ್ಲಿ ಅದನ್ನು ಪ್ರಕಟಿಸಿದ. ಅಂಗಡಿಯಿಂದ ಬರುವ ಗಾಢ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಎಂಬ ಅವನ ಅಳತೆ ನೂರಮೂವತ್ತು ವರ್ಷ ಕಳೆದರೂ ಹೆಚ್ಚು ಕಡಿಮೆ ಹಾಗೆಯೇ ಇದೆ. ‘10% ಫಾರ್ಮಲಿನ್’ ಎಂದರೆ ನಿಜವಾಗಿ ಸುಮಾರು 4% ಫಾರ್ಮಾಲ್ಡಿಹೈಡ್. ಈ ಎರಡು ಲೆಕ್ಕಗಳನ್ನು ಗೊಂದಲ ಮಾಡಿಕೊಳ್ಳದ ಎಂ.ಡಿ. ವಿದ್ಯಾರ್ಥಿಯನ್ನು ನಾನು ಇನ್ನೂ ನೋಡಬೇಕಾಗಿದೆ.

ಫಾರ್ಮಾಲ್ಡಿಹೈಡ್ ಅಣು ತೀರ ಪುಟ್ಟದು: ಒಂದು ಇಂಗಾಲ, ಎರಡು ಜಲಜನಕ, ಒಂದು ಆಮ್ಲಜನಕ. ಈ ಪುಟ್ಟ ಅಣು ಪ್ರೋಟೀನಿನ ಸರಪಳಿಯ ಒಂದು ತೋಳಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಪಕ್ಕದ ಇನ್ನೊಂದು ತೋಳನ್ನು ಎಳೆದು ಕಟ್ಟುತ್ತದೆ. ಹೀಗೆ ಒಂದು ಇಂಗಾಲದ ಗಾತ್ರದ ಅಸಂಖ್ಯ ಸೇತುವೆಗಳು ಹುಟ್ಟಿ, ಕೋಶದೊಳಗೆ ತೇಲುತ್ತಿದ್ದ ಪ್ರೋಟೀನುಗಳೆಲ್ಲ ಒಂದೇ ಬಲೆಯಾಗುತ್ತವೆ. ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ ಅವೂ ಆ ಬಲೆಯಲ್ಲಿ ಸಿಕ್ಕಿ ಕೆಲಸ ಬಿಡುತ್ತವೆ.

ಇಲ್ಲಿ ಒಂದು ತಮಾಷೆ ಇದೆ. ಫಾರ್ಮಲಿನ್ ಒಳಗೆ ಇಳಿಯುವುದು ಬೇಗ, ಕಟ್ಟು ಹಾಕುವುದು ನಿಧಾನ. ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್ ಬಹುಪಾಲು ನೀರಿನೊಂದಿಗೇ ಕೂಡಿಕೊಂಡು ಮೆಥಿಲೀನ್ ಗ್ಲೈಕಾಲ್ ಎಂಬ ಸಾಧು ರೂಪದಲ್ಲಿರುತ್ತದೆ. ಆ ರೂಪ ಅಂಗಾಂಶದೊಳಕ್ಕೆ ಸರಾಗವಾಗಿ ನುಗ್ಗುತ್ತದೆ, ಆದರೆ ಯಾರ ಕೈಯನ್ನೂ ಹಿಡಿಯುವುದಿಲ್ಲ. ಹಿಡಿಯುವುದು ಅಲ್ಪಸಂಖ್ಯೆಯಲ್ಲಿರುವ ಅಸಲಿ ಫಾರ್ಮಾಲ್ಡಿಹೈಡ್. ಅದು ಪ್ರೋಟೀನಿಗೆ ಅಂಟಿ ಖರ್ಚಾದಂತೆಲ್ಲ ಗ್ಲೈಕಾಲ್ ಸ್ವಲ್ಪ ಸ್ವಲ್ಪವೇ ಒಡೆದು ಆ ಜಾಗ ತುಂಬುತ್ತದೆ. ಕಟ್ಟು ಪೂರ್ತಿಯಾಗಲು ಸುಮಾರು 24 ಗಂಟೆ ಬೇಕು. ಮಧ್ಯಾಹ್ನ ಆಪರೇಷನ್ ಮಾಡಿ ‘ಸಂಜೆಯೊಳಗೆ ರಿಪೋರ್ಟ್ ಕೊಡಿ’ ಎನ್ನುವ ಸರ್ಜನ್ನರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ. ಅರ್ಧ ಹದವಾದ ತುಣುಕನ್ನು ಆಲ್ಕೊಹಾಲಿಗೆ ಹಾಕಿದರೆ ಅದರ ಹೊರಗಿನ ಪದರ ಫಾರ್ಮಲಿನ್‌ನ ಹದ, ಒಳಗಿನದು ಆಲ್ಕೊಹಾಲ್‌ನ ಹದ. ಒಂದೇ ಸ್ಲೈಡಿನಲ್ಲಿ ಎರಡು ಊರು.

ಒಳಗಿಳಿಯುವುದಕ್ಕೂ ಒಂದು ಲೆಕ್ಕವಿದೆ. ಮುಂದೆ ನೊಬೆಲ್ ಪಡೆದ ಪೀಟರ್ ಮೆಡಾವರ್ 1941ರಲ್ಲಿ ಅದನ್ನು ಅಳೆದ: ದ್ರಾವಣ ಇಳಿದ ಆಳ, ಕಳೆದ ಕಾಲದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು, ಮೂರು ಪಟ್ಟಿಗೆ ಒಂಬತ್ತು ಪಟ್ಟು. ಇಡೀ ಗುಲ್ಮವನ್ನು ಕತ್ತರಿಸದೆ ಬಕೆಟ್ಟಿಗೆ ಹಾಕಿದರೆ ಹೊರಗೆ ರಬ್ಬರಿನ ಹಾಗೆ ಗಟ್ಟಿಯಾಗಿರುತ್ತದೆ, ನಡುವೆ ಕೊಳೆತಿರುತ್ತದೆ. ಅದಕ್ಕೇ ಅಂಗಗಳನ್ನು ಬ್ರೆಡ್ಡಿನಂತೆ ಹೋಳು ಮಾಡಿ ಹಾಕಬೇಕು, ತುಣುಕಿನ ಕನಿಷ್ಠ ಹತ್ತು ಪಟ್ಟು ಫಾರ್ಮಲಿನ್ ಇರಬೇಕು ಎನ್ನುವುದು.

ಮೆದುಳನ್ನು ಮಾತ್ರ ಹಾಗೆ ಹೋಳು ಮಾಡುವಂತಿಲ್ಲ. ಹೊಸದಾಗಿ ತೆಗೆದ ಮೆದುಳು ಗಿಣ್ಣಿನಷ್ಟು ಮೆತ್ತಗೆ. ಚಾಕು ಇಟ್ಟರೆ ಕದಡಿಹೋಗುತ್ತದೆ, ಬಕೆಟ್ಟಿನ ತಳಕ್ಕೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುತ್ತದೆ. ಅದರ ಬುಡದ ರಕ್ತನಾಳದ ಕೆಳಗೆ ದಾರ ತೂರಿಸಿ, ಫಾರ್ಮಲಿನ್ ತುಂಬಿದ ಬಕೆಟ್ಟಿನಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಪನೀರಿನ ಹಾಗೆ ಕತ್ತರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರೊ. ಎಸ್. ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ ಮೆದುಳು ಸಂಗ್ರಹಾಲಯವಿದೆ. ಸಾರ್ವಜನಿಕರೂ ಹೋಗಿ ನೋಡಬಹುದು. ನೀವು ಹೋದರೆ ಮೆದುಳಿನ ಆ ಬೂದು ಕೆನೆ ಬಣ್ಣವನ್ನು ಗಮನಿಸಿ. ಬದುಕಿದ ಮೆದುಳು ಗುಲಾಬಿ. ಬೂದು ಬಂದದ್ದು ಹದದಿಂದ. ಹಾಗೆ ನೋಡಿದರೆ ಮೆದುಳಿಗೆ ನಾವು ಕೊಟ್ಟ ಬಣ್ಣದ ಕಲ್ಪನೆಯೇ ಫಾರ್ಮಲಿನ್‌ನದು.

ಬಾಟಲಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನನ್ನ ಸರ್ವೀಸಿನ ಮೊದಲ ವರ್ಷಗಳಲ್ಲಿ ಬಯಾಪ್ಸಿಗಳು ಉಪ್ಪಿನಕಾಯಿ ಬಾಟಲಿಯಲ್ಲಿ, ಔಷಧಿ ಸೀಸೆಯಲ್ಲಿ, ಕೈಗೆ ಸಿಕ್ಕ ಡಬ್ಬಿಯಲ್ಲಿ ಬರುತ್ತಿದ್ದವು. ಒಂದು ತಾಲ್ಲೂಕು ಆಸ್ಪತ್ರೆಯಿಂದ ಗರ್ಭಕೋಶವೊಂದು ಕಿರಿದಾದ ಬಾಯಿಯ ಸೀಸೆಯಲ್ಲಿ ಬಂತು. ಹಾಕುವಾಗ ಮೆತ್ತಗಿತ್ತು, ಒತ್ತಿ ತೂರಿಸಿದ್ದರು. ಬಸ್ಸಿನಲ್ಲಿ ಬರುವಷ್ಟರಲ್ಲಿ ಗಟ್ಟಿಯಾಗಿ ಕೂತಿತ್ತು. ನಮ್ಮ ಅಟೆಂಡರ್ ಸುತ್ತಿಗೆ ತಂದ. ಇದು ನಗುವ ಕಥೆ. ನಗಲಾಗದ್ದು ಇನ್ನೊಂದಿದೆ. ಸ್ತನದ ಗಡ್ಡೆಯೊಂದು ಬರಿಯ ಸಲೈನ್‌ನಲ್ಲಿ, ಶನಿವಾರ ಹೊರಟದ್ದು ಸೋಮವಾರ ನನ್ನ ಮೇಜಿಗೆ ಬಂತು. ಕೋಶಗಳ ಜಾಗದಲ್ಲಿ ಕೋಶಗಳ ನೆರಳು ಮಾತ್ರ ಉಳಿದಿತ್ತು. ಆ ಹೆಂಗಸಿನ ಮೈಯಲ್ಲಿ ಮತ್ತೆ ತೆಗೆಯಲು ಗಡ್ಡೆ ಇರಲಿಲ್ಲ. ‘ಅಭಿಪ್ರಾಯಕ್ಕೆ ಸಾಲದು’ ಎಂದು ರಿಪೋರ್ಟ್ ಬರೆದು ಕಳಿಸಿದೆ. ಸಲೈನ್ ಹಾಕಿದ ಹುಡುಗನ ಮೇಲೆ ನನಗೆ ಇವತ್ತೂ ಸಿಟ್ಟಿಲ್ಲ; ಸಲೈನ್ ಸ್ವಚ್ಛವಾದದ್ದು, ರೋಗಿಗೆ ಏರಿಸುವಂಥದ್ದು, ಫಾರ್ಮಲಿನ್ ಕಣ್ಣು ಉರಿಸುವ ವಿಷ. ಯಾರೂ ಹೇಳಿಕೊಡದಿದ್ದರೆ ಯಾವುದು ಒಳ್ಳೆಯದು ಎಂದು ಅವನಿಗೆ ಅನಿಸಬೇಕು? ಸ್ತನ ಕ್ಯಾನ್ಸರಿನ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6 ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆಗೆ ಮೀರದೆ ಇರಬೇಕು ಎಂದು ಈಗ ಮಾರ್ಗಸೂಚಿಗಳಿವೆ. ಯಾಕೆಂದರೆ ಗಡ್ಡೆಗೆ ಹಾರ್ಮೋನಿನ ಗ್ರಾಹಕ ಇದೆಯೋ ಇಲ್ಲವೋ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ‘ಇಲ್ಲ’ ಎಂದು ಬಂದರೆ ಅದು ಗಡ್ಡೆಯಲ್ಲೇ ಇರಲಿಲ್ಲವೋ, ಬಾಟಲಿಗೆ ಬೀಳುವ ಮೊದಲೇ ಹಾಳಾಯಿತೋ ಹೇಳಲಾಗದು. ತಡವಾದಷ್ಟೂ ಎಣಿಕೆಗೆ ಸಿಗುವ ಕೋಶವಿಭಜನೆಗಳೂ ಕಡಿಮೆಯಾಗುತ್ತವೆ. ಕ್ಯಾನ್ಸರ್ ಇರುವುದಕ್ಕಿಂತ ಸಾಧುವಾಗಿ ಕಾಣಿಸುತ್ತದೆ.

ಇನ್ನು ನಂಬಿಕೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಮೊದಲು ಕೇಳಿದವರು ನಾವಲ್ಲ. 1882ರ ಹೊತ್ತಿಗೆ ಕೀಲ್ ನಗರದ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳನ್ನು ಹದ ಮಾಡಿ, ಬಣ್ಣ ಹಾಕಿ, ಕೋಶವಿಭಜನೆಯಲ್ಲಿ ದಾರಗಳು ಕಾಣಿಸಿಕೊಂಡು ಎರಡು ಪಾಲಾಗುವುದನ್ನು ಬಿಡಿಸಿ ತೋರಿಸಿದ್ದ. ಎಲ್ಲರೂ ಬೆರಗಾದರು. ಹದಿನೇಳು ವರ್ಷದ ಮೇಲೆ, 1899ರಲ್ಲಿ, ಇಬ್ಬರು ಬೇರೆ ಬೇರೆ ಕಡೆಯಿಂದ ಈ ಬೆರಗಿಗೆ ತಣ್ಣೀರು ಎರಚಿದರು. ಕೇಂಬ್ರಿಜ್‌ನ ವಿಲಿಯಂ ಹಾರ್ಡಿ ಮೊಟ್ಟೆಯ ಬಿಳಿ, ಜಿಲಾಟಿನ್‌ಗಳನ್ನು ತೆಗೆದುಕೊಂಡ. ಅವುಗಳಲ್ಲಿ ಕೋಶ ಇಲ್ಲ, ರಚನೆ ಇಲ್ಲ, ಏನೂ ಇಲ್ಲ. ಅವಕ್ಕೆ ಪ್ರಯೋಗಾಲಯದ ದ್ರಾವಣಗಳನ್ನು ಹಾಕಿದಾಗ ಬಲೆಗಳು, ನೊರೆಯಂಥ ಗೂಡುಗಳು ಹುಟ್ಟಿದವು. ಕೋಶರಸದಲ್ಲಿ ಇದೆ ಎಂದು ಪಂಡಿತರು ಜಗಳವಾಡುತ್ತಿದ್ದ ಬಲೆ, ಗೂಡುಗಳೂ ಅಂಥವೇ. ಅತ್ತ ಲೈಪ್ಜಿಗ್‌ನ ಸಸ್ಯಶಾಸ್ತ್ರಜ್ಞ ಆಲ್ಫ್ರೆಡ್ ಫಿಷರ್ ಇನ್ನೂ ತುಂಟ. ಗಿಡದ ಒಣ ಬೆಂಡಿನ ಸತ್ತ ಕೋಶಗಳೊಳಗೆ ಪ್ರೋಟೀನಿನ ದ್ರಾವಣ ತುಂಬಿಸಿ, ಅದನ್ನು ಶಾಸ್ತ್ರೋಕ್ತವಾಗಿ ಹದ ಮಾಡಿ ಬಣ್ಣ ಹಾಕಿದ. ಬದುಕಿನ ಸುಳಿವೇ ಇಲ್ಲದ ಆ ಬೆಂಡಿನಲ್ಲಿ ವಿಭಜನೆಯಾಗುತ್ತಿರುವ ಕೋಶದಲ್ಲಿ ಕಾಣುವಂಥ ನಕ್ಷತ್ರಾಕಾರಗಳು ಮೂಡಿದವು.

ಅಂದರೆ ಫ್ಲೆಮಿಂಗ್ ಕಂಡ ದಾರಗಳೂ ಸುಳ್ಳೇ? ಅಲ್ಲ. ಫ್ಲೆಮಿಂಗ್ ಬರಿಯ ಹದ ಮಾಡಿದ ಕೋಶವನ್ನು ನಂಬಿ ಕೂತವನಲ್ಲ. ಸಾಲಮಾಂಡರ್ ಮರಿಯ ಪಾರದರ್ಶಕ ಅಂಗಗಳಲ್ಲಿ ಜೀವಂತ ಕೋಶ ಒಡೆಯುವುದನ್ನೂ ಕಣ್ಣಾರೆ ಕಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದ. ಅವನ ಮಾತು ಉಳಿದದ್ದು ಅದರಿಂದ. ಬಲೆ, ನೊರೆಗಳ ಪಂಡಿತರಲ್ಲಿ ಹಾಗೆ ತಾಳೆ ನೋಡಿದವರು ಕಡಿಮೆ.

ಈ ಜಗಳ ಆಮೇಲೂ ಮುಗಿಯಲಿಲ್ಲ. ಕಮಿಲ್ಲೊ ಗೊಲ್ಜಿ 1898ರಲ್ಲಿ ನರಕೋಶದೊಳಗೆ ಒಂದು ಜಾಲರಿ ಕಂಡೆ ಎಂದ. ಬೆಳ್ಳಿಯ ಲವಣದ ಕಲೆ ಅದು ಎಂದು ಅರ್ಧ ಶತಮಾನ ಅನೇಕರು ತಲೆಯಾಡಿಸಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಗೊಲ್ಜಿಯ ಪರ ಸಾಕ್ಷಿ ಹೇಳಿತು. ಅದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದೇ ಕಾಲದಲ್ಲಿ ಬ್ಯಾಕ್ಟೀರಿಯಾಗಳ ಒಳಗೆ ಸುರುಳಿ ಸುತ್ತಿದ ಪೊರೆಯೊಂದನ್ನು ತೋರಿಸಿತು. ಮೀಸೋಸೋಮ್ ಎಂದು ಹೆಸರಿಟ್ಟು, ಉಸಿರಾಟ, ವಿಭಜನೆ ಎಂದು ಅದಕ್ಕೆ ಹಲವು ಕೆಲಸ ಹಂಚಿದರು. ಆಮೇಲೆ ರಾಸಾಯನಿಕ ಮುಟ್ಟಿಸದೆ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ನೋಡುವ ವಿಧಾನ ಬಂತು. ಹಾಗೆ ನೋಡಿದಾಗ ಮೀಸೋಸೋಮ್ ಇಲ್ಲ! ಹದ ಮಾಡುವ ದ್ರಾವಣ ತಗುಲಿದಾಗ ಬ್ಯಾಕ್ಟೀರಿಯಾದ ಪೊರೆ ಒಳಕ್ಕೆ ಮಡಚಿಕೊಂಡಿತ್ತು, ಅಷ್ಟೆ. ನಮ್ಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಮೀಸೋಸೋಮ್ ಆಮೇಲೂ ವರ್ಷಗಟ್ಟಲೆ ಇತ್ತು. ನನ್ನ ಮೊಮ್ಮಗಳು ಅದರ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದಾಳೆ. ನಾನು ಸುಮ್ಮನಿದ್ದೆ. ಅಂಕ ಮುಖ್ಯ.

ಹದ ಇಲ್ಲದ್ದನ್ನು ಸೃಷ್ಟಿಸುವಂತೆ, ಇರುವುದನ್ನು ಅಳಿಸಲೂ ಬಲ್ಲದು. 1963ರವರೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೆಚ್ಚಿನವರು ತಂಪು ಆಸ್ಮಿಯಂ ದ್ರಾವಣ ಬಳಸುತ್ತಿದ್ದರು. ಆ ವರ್ಷ ಡೇವಿಡ್ ಸಬಟಿನಿ ಮತ್ತು ಅವರ ಸಂಗಡಿಗರು, ಮೊದಲು ಗ್ಲುಟರಾಲ್ಡಿಹೈಡ್, ಆಮೇಲೆ ಆಸ್ಮಿಯಂ ಎಂಬ ಹೊಸ ಕ್ರಮ ತಂದರು. ಗ್ಲುಟರಾಲ್ಡಿಹೈಡ್‌ಗೆ ಎರಡು ಕೈ, ಅದರ ಕಟ್ಟು ಗಟ್ಟಿ. ಅಲ್ಲಿಯವರೆಗೆ ಒಡೆದು ಮಾಯವಾಗುತ್ತಿದ್ದ ಸೂಕ್ಷ್ಮನಾಳಗಳು, ಎಂದರೆ ಕೋಶದ ತೊಲೆ ಜಂತಿಗಳು, ಎಲ್ಲ ಬಗೆಯ ಕೋಶಗಳಲ್ಲೂ ಎದ್ದು ಕಾಣತೊಡಗಿದವು. ಅವು ಅಲ್ಲೇ ಇದ್ದವು.

ನನ್ನ ಸ್ವಂತ ಪಾಠ ಇಷ್ಟು ದೊಡ್ಡದಲ್ಲ. ವಿದ್ಯಾರ್ಥಿಯಾಗಿದ್ದಾಗ ಒಂದು ಗುಲ್ಮದ ಸ್ಲೈಡಿನ ತುಂಬ ಕಪ್ಪುಗಂದು ಕಾಳುಗಳನ್ನು ಕಂಡು ‘ಮಲೇರಿಯಾ’ ಎಂದು ಹೆಮ್ಮೆಯಿಂದ ಬರೆದೆ. ನಮ್ಮ ಪ್ರೊಫೆಸರ್ ಬೈಯಲಿಲ್ಲ. ‘ಕಾಳು ಯಾವ ಕೋಶದ ಒಳಗಿದೆ ತೋರಿಸಪ್ಪ’ ಎಂದರು. ನೋಡಿದರೆ ಯಾವುದರ ಒಳಗೂ ಇಲ್ಲ. ರಾಗಿ ಚೆಲ್ಲಿದಂತೆ ಎಲ್ಲದರ ಮೇಲೂ ಬಿದ್ದಿದೆ. ಫಾರ್ಮಲಿನ್ ಹಳತಾದಂತೆ ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ಅದೇ ಇರುವೆಯ ಹುಳಿ. ಆ ಹುಳಿ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಈ ಕಾಳುಗಳನ್ನು ಉದುರಿಸುತ್ತದೆ. ಅದೇ ಗುಲ್ಮದ ಇನ್ನೊಂದು ಹೋಳು ಹುಳಿ ಹೊಡೆಯದಂತೆ ಫಾಸ್ಫೇಟ್ ಬೆರೆಸಿದ ಫಾರ್ಮಲಿನ್‌ನಲ್ಲಿತ್ತು. ಅದರಲ್ಲಿ ಒಂದು ಕಾಳೂ ಇರಲಿಲ್ಲ. ರೋಗಿಗೆ ಮಲೇರಿಯಾ ಇರಲಿಲ್ಲ, ಬಾಟಲಿಗೆ ವಯಸ್ಸಾಗಿತ್ತು.

ಇದನ್ನೆಲ್ಲ ಕೇಳಿದರೆ ಹದ ಎಂದರೆ ಮೋಸ, ಜಾಣ ಪೆಥಾಲಜಿಸ್ಟ್ ಅದನ್ನು ದಾಟಿ ನಿಜವನ್ನು ನೋಡುತ್ತಾನೆ ಎಂದು ನಿಮಗೆ ಅನಿಸಬಹುದು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಥೈರಾಯ್ಡ್ ಗ್ರಂಥಿಯ ಪ್ಯಾಪಿಲರಿ ಕ್ಯಾನ್ಸರನ್ನು ತೆಗೆದುಕೊಳ್ಳಿ. ಅದನ್ನು ಗುರುತಿಸಲು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ದೊಡ್ಡ ಕುರುಹು ಎಂದರೆ ಒಳಗೆ ಖಾಲಿ ಖಾಲಿಯಾಗಿ, ಉಜ್ಜಿದ ಗಾಜಿನಂತೆ ಕಾಣುವ ಕೋಶಕೇಂದ್ರಗಳು. ಅದೇ ಗಡ್ಡೆಯನ್ನು ಆಪರೇಷನ್ ನಡೆಯುವಾಗಲೇ ಹೆಪ್ಪುಗಟ್ಟಿಸಿ ಸೀಳಿ ನೋಡಿ, ಸೂಜಿಯಿಂದ ಎಳೆದು ಗಾಜಿನ ಮೇಲೆ ಸವರಿ ನೋಡಿ. ಆ ಖಾಲಿತನ ಸಿಗುವುದಿಲ್ಲ. ಅದು ಹುಟ್ಟುವುದು ಫಾರ್ಮಲಿನ್ ಮತ್ತು ಮೇಣದ ದಾರಿಯಲ್ಲಿ. ಹಾಜ್ಕಿನ್ ಲಿಂಫೋಮಾದ ಒಂದು ಬಗೆಯಲ್ಲಿ ದೊಡ್ಡ ಕೋಶವೊಂದು ಖಾಲಿ ಗುಳಿಯ ನಡುವೆ ಕೂತಂತೆ ಕಾಣುತ್ತದೆ. ಆ ಗುಳಿಯೂ ಫಾರ್ಮಲಿನ್‌ನಲ್ಲಿ ಕೋಶರಸ ಕುಗ್ಗಿ ಆದದ್ದು. ಅಷ್ಟೇಕೆ, ಕೊಬ್ಬಿನ ಕೋಶ ಎಂದು ನಾವು ದಿನಕ್ಕೆ ನೂರು ಸಲ ಗುರುತಿಸುವುದು ಏನನ್ನು? ಕೊಬ್ಬನ್ನಲ್ಲ, ಅದು ಆಲ್ಕೊಹಾಲ್, ಕ್ಸೈಲೀನ್‌ಗಳಲ್ಲಿ ಕರಗಿಹೋಗಿರುತ್ತದೆ. ಅದು ಹೋದ ಮೇಲೆ ಉಳಿದ ತೂತನ್ನು ನೋಡಿ ಕೊಬ್ಬು ಎನ್ನುತ್ತೇವೆ. ಆ ತೂತಿಗೆ ನಾವು ಎಂದೂ ತಪ್ಪು ಹೆಸರು ಇಟ್ಟಿಲ್ಲ.

ಬದುಕಿನಲ್ಲಿ ಇರದ ಒಂದು ಲಕ್ಷಣದ ಮೇಲೆ ಬದುಕು ಉಳಿಸುವ ತೀರ್ಪು ಕೊಡುತ್ತೇವೆ, ಆ ತೀರ್ಪು ಸರಿಯಾಗಿಯೂ ಇರುತ್ತದೆ. ಇದಕ್ಕೆ ಕಾರಣ ಹದದ ಸತ್ಯಸಂಧತೆಯಲ್ಲ, ಅದರ ಹಟ. ಒಂದೇ ಬಗೆಯ ಅಂಗಾಂಶಕ್ಕೆ ಒಂದೇ ಬಗೆಯ ಫಾರ್ಮಲಿನ್ ಒಂದೇ ಬಗೆಯಲ್ಲಿ ಹಾಕಿದರೆ ಅದು ಪ್ರತಿ ಸಲವೂ ಒಂದೇ ಬಗೆಯಲ್ಲಿ ಬದಲಾಗುತ್ತದೆ, ಮಂಗಳೂರಿನಲ್ಲೂ, ಮೆಕ್ಸಿಕೊದಲ್ಲೂ. ರೋಗಿ ಬದುಕಿದನೋ ಇಲ್ಲವೋ ಎಂಬುದನ್ನು ವರ್ಷಗಟ್ಟಲೆ ಕಾದು ನೋಡಿ, ಆ ಬದಲಾದ ಚಿತ್ರದ ಜೊತೆ ತಾಳೆ ಹಾಕಿ, ನೂರಕ್ಕೂ ಹೆಚ್ಚು ವರ್ಷದ ಪೆಥಾಲಜಿ ಬೆಳೆದಿದೆ. ಈ ಹಟಕ್ಕೆ ಬೆಲೆಯೂ ಇದೆ: ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಕ್ಯಾನ್ಸರ್ ಹುಡುಕುವ ಕೋಣೆಯಲ್ಲೇ ದಿನವಿಡೀ ಅದನ್ನು ಉಸಿರಾಡುವವರು ನಮ್ಮ ಟೆಕ್ನಿಷಿಯನ್ನರು, ಅಟೆಂಡರುಗಳು. ಅವರಿಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡಲು ನಾವು ಪಟ್ಟ ಪಾಡು ಇನ್ನೊಂದು ಉಪನ್ಯಾಸಕ್ಕೆ ಆಗುತ್ತದೆ. ಬದಲಿ ದ್ರಾವಣಗಳು ಬಂದಿವೆ, ಕೆಲವು ಕೆಲಸಗಳಿಗೆ ಚೆನ್ನಾಗಿಯೂ ಇವೆ. ಆದರೂ ಫಾರ್ಮಲಿನ್ ಹೋಗುತ್ತಿಲ್ಲ. ಹೊಸ ದ್ರಾವಣದಲ್ಲಿ ಥೈರಾಯ್ಡಿನ ಕೇಂದ್ರ ಖಾಲಿಯಾಗಿ ಕಾಣದಿದ್ದರೆ ನಾವು ಏನೆಂದು ಬರೆಯಬೇಕು? ತುಣುಕಿನ ಜೊತೆಗೆ ನಮ್ಮ ಕಣ್ಣೂ ಹದಗೊಂಡಿದೆ.

ಕಟ್ಟಿದ್ದನ್ನು ಸ್ವಲ್ಪ ಬಿಚ್ಚಲೂ ಬರುತ್ತದೆ ಎಂದು ಗೊತ್ತಾದದ್ದು ನನ್ನ ಕಣ್ಣೆದುರೇ. ಫಾರ್ಮಲಿನ್‌ನ ಸೇತುವೆಗಳು ಪ್ರೋಟೀನಿನ ಗುರುತುಗಳನ್ನು ಮುಚ್ಚಿಬಿಡುವುದರಿಂದ ಆಂಟಿಬಾಡಿಗಳನ್ನು ಬಳಸುವ ಪರೀಕ್ಷೆಗಳು ಅನೇಕ ಸಲ ಕೈಕೊಡುತ್ತಿದ್ದವು. ಶಾನ್-ರಾಂಗ್ ಶಿ ಎಂಬ ಪೆಥಾಲಜಿಸ್ಟ್ ಹಳೆಯ ಲೇಖನಗಳನ್ನು ತಿರುವಿಹಾಕುತ್ತ, ಫಾರ್ಮಾಲ್ಡಿಹೈಡ್ ಮತ್ತು ಪ್ರೋಟೀನಿನ ಬಂಧವನ್ನು ಬಿಸಿ ಬಿಡಿಸಬಲ್ಲದು ಎಂದು 1940ರ ದಶಕದ ಫ್ರೆಂಕೆಲ್-ಕಾನ್ರಾಟ್ ಅವರ ರಸಾಯನಶಾಸ್ತ್ರದಲ್ಲಿ ಓದಿದರು. ಹಾಗಿದ್ದರೆ ಸ್ಲೈಡನ್ನು ಕುದಿಸಿದರೆ ಹೇಗೆ? 1991ರಲ್ಲಿ ಅವರೂ ಸಂಗಡಿಗರೂ ಮೈಕ್ರೊವೇವ್ ಒಲೆಯಲ್ಲಿ ಸ್ಲೈಡುಗಳನ್ನು ಕುದಿಸಿ ಪ್ರಕಟಿಸಿದರು. ಸುದ್ದಿ ನಮಗೆ ತಲುಪಿದಾಗ ನಮ್ಮ ವಿಭಾಗದಲ್ಲಿ ಮೈಕ್ರೊವೇವ್ ಇರಲಿಲ್ಲ. ನಮ್ಮ ಟೆಕ್ನಿಷಿಯನ್ ಮನೆಯಿಂದ ಕುಕ್ಕರ್ ತಂದರು. ಎರಡು ಸೀಟಿ ಕೂಗಿಸಿ ತೆಗೆದ ಸ್ಲೈಡಿನಲ್ಲಿ, ಹಿಂದಿನ ವಾರವೆಲ್ಲ ಖಾಲಿ ಬರುತ್ತಿದ್ದ ಜಾಗದಲ್ಲಿ ಕಂದು ಬಣ್ಣ ಬಂತು. ಆ ಕುಕ್ಕರ್ ವಾಪಸ್ ಅವರ ಮನೆಗೆ ಹೋಗಲಿಲ್ಲ, ಹೋಗಬಾರದು ಕೂಡ.

ಇಂಥ ಹೊಸ ದಾರಿಗಳಿಂದ ಗೋದಾಮಿನಲ್ಲಿದ್ದ ಹಳೆಯ ಮೇಣದ ಬ್ಲಾಕುಗಳಿಗೆ ಎರಡನೆಯ ಜನ್ಮ ಬಂತು. 1918ರ ಇನ್ಫ್ಲುಯೆಂಜಾದಲ್ಲಿ ಸತ್ತ ಅಮೆರಿಕದ ಸೈನಿಕನೊಬ್ಬನ ಶ್ವಾಸಕೋಶದ ಫಾರ್ಮಲಿನ್ ತುಣುಕಿನಿಂದ ಜೆಫ್ರಿ ಟಾಬೆನ್‌ಬರ್ಗರ್ ತಂಡ 1997ರಲ್ಲಿ ಆ ವೈರಸ್ಸಿನ ಆರ್‌ಎನ್‌ಎಯ ಚೂರುಗಳನ್ನು ಹೊರತೆಗೆದು ಓದಿತು. ಕಾಂಗೋದ ಇಂದಿನ ಕಿನ್ಶಾಸಾದಲ್ಲಿ 1960ರಲ್ಲಿ ತೆಗೆದ ದುಗ್ಧಗ್ರಂಥಿಯ ಬ್ಲಾಕಿನಲ್ಲಿ ಎಚ್‌ಐವಿ ಸಿಕ್ಕಿತು, 2008ರಲ್ಲಿ ಅದು ಪ್ರಕಟವಾಯಿತು. ಆ ತುಣುಕುಗಳನ್ನು ಬಾಟಲಿಗೆ ಹಾಕಿದವರಿಗೆ ಆ ವೈರಸ್ಸುಗಳ ಹೆಸರೂ ಗೊತ್ತಿರಲಿಲ್ಲ.

ನಾನು ನಿವೃತ್ತನಾಗುವ ವರ್ಷ ಒಬ್ಬ ಹೆಣ್ಣುಮಗಳು ಹಳೆಯ ರಿಪೋರ್ಟ್ ಹಿಡಿದುಕೊಂಡು ಬಂದಳು. ಅವಳ ತಾಯಿಯದು. ಇಪ್ಪತ್ತೆರಡು ವರ್ಷದ ಹಿಂದೆ ಹೊಟ್ಟೆಯಲ್ಲಿ ಗಂಟುಗಳಾಗಿ ತೀರಿಕೊಂಡಿದ್ದರು. ರಿಪೋರ್ಟಿನಲ್ಲಿ ‘ಅಡಿನೊಕಾರ್ಸಿನೋಮ, ಮೂಲ ತಿಳಿಯದು’ ಎಂದಿತ್ತು. ಕೆಳಗಿನ ಸಹಿ ನನ್ನದೇ. ಈಗ ಮಗಳನ್ನು ಅವಳ ಡಾಕ್ಟರು ಕೇಳಿದ್ದಾರೆ: ತಾಯಿಗೆ ಬಂದದ್ದು ಅಂಡಾಶಯದ ಕ್ಯಾನ್ಸರೇ, ಸ್ತನದ್ದೇ, ಬೇರೆಯದೇ? ‘ಆ ಚೂರು ಇನ್ನೂ ಇರುತ್ತಾ ಸಾರ್?’ ಎಂದಳು.

ಹಿಂದಿನ ಕೋಣೆಯ ಮೂರನೆಯ ರ‍್ಯಾಕಿನಲ್ಲಿ ನಂಬರು ಸಿಕ್ಕಿತು. ಮೇಣ ಹಳದಿಗಟ್ಟಿತ್ತು, ಒಂದು ಮೂಲೆಯನ್ನು ಜಿರಳೆ ಕೆರೆದಿತ್ತು. ಟೆಕ್ನಿಷಿಯನ್ ಅದನ್ನು ಐಸಿನ ಮೇಲಿಟ್ಟು, ಸೀಳುವ ಯಂತ್ರವಾದ ಮೈಕ್ರೋಟೋಮಿಗೆ ಹಾಕಿದರು. ಮೊದಲ ಎರಡು ಪಟ್ಟಿ ಪುಡಿಯಾದವು, ಮೂರನೆಯದು ಸರಾಗ ಬಂತು. ಕುದಿಸಿ, ಆಂಟಿಬಾಡಿ ಹಾಕಿ, ಮಾರನೆಯ ದಿನ ನೋಡಿದೆ. ಅಂಡಾಶಯದ ಗುರುತಿಗೆ ಕೋಶಕೇಂದ್ರಗಳೆಲ್ಲ ಕಂದಾಗಿದ್ದವು, ನಿನ್ನೆ ತೆಗೆದ ತುಣುಕಿನಂತೆ.

ಹಳೆಯ ರಿಕ್ವಿಸಿಷನ್ ಫಾರಂ ಬ್ಲಾಕಿನ ಜೊತೆಗೇ ಇತ್ತು. ಸರ್ಜನ್ನರ ಹೆಸರಿತ್ತು, ವಾರ್ಡಿನ ನಂಬರಿತ್ತು. ಫಾರ್ಮಲಿನ್‌ಗೆ ಹಾಕಿದ ಹೊತ್ತು ಎಂಬ ಕಾಲಂ ಆಗಿನ ಫಾರಂಗಳಲ್ಲಿ ಇರುತ್ತಿರಲಿಲ್ಲ. ಯಾರೋ ಅಂಚಿನಲ್ಲಿ ಬಾಲ್‌ಪೆನ್ನಿನಲ್ಲಿ ಬರೆದಿದ್ದರು: 11.40, ಕೂಡಲೇ.